ದಿಲ್ಲಿಯ ಮಸೂದೆ, ನಮ್ಮ ಗುಂಟೆ ಲೆಕ್ಕ: ಸೊಸೈಟಿ ಬೋರ್ಡಿಗೆ ಎರಡು ಪುಟದ ವಿವರಣೆ ಬರೆಯುವ ಬಗೆ

ಸಂಸತ್ತಿನ ಮುಂಗಾರು ಅಧಿವೇಶನ ನಡೆಯುವುದೂ, ಮಲೆನಾಡಿನಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವುದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಕರೆಂಟು ಹೋದರೆ ಮೂರು ದಿನ, ನೆಟ್‌ವರ್ಕು ಗುಡ್ಡದ ತಲೆಯಲ್ಲಿ ಮಾತ್ರ. ಅಷ್ಟರಲ್ಲಿ ‘ದಿಲ್ಲೀಲಿ ಹೊಸ ಕಾನೂನು ಪಾಸಾಯ್ತಂತೆ, ಬೆಟ್ಟ ಎಲ್ಲ ಫಾರೆಸ್ಟಿಗೆ ಹೋಯ್ತಂತೆ’ ಎಂಬ ಸುದ್ದಿ ವಾಟ್ಸಾಪಿನಲ್ಲಿ ಊರು ಸುತ್ತಿ ಬಂದಿರುತ್ತದೆ. ಇದಕ್ಕೆ ಸಭೆ, ಭಾಷಣ ಎಲ್ಲ ಆಮೇಲೆ. ಮೊದಲು ಬೇಕಾದದ್ದು ಸೊಸೈಟಿಯ ಬೋರ್ಡಿಗೋ ಡೇರಿಯ ಗೋಡೆಗೋ ಅಂಟಿಸಬಹುದಾದ, ಎರಡು ಪುಟ ಮೀರದ ಒಂದು ಹಾಳೆ. ಅದನ್ನು ಬರೆಯಲು ವಕೀಲರೇ ಆಗಬೇಕೆಂದಿಲ್ಲ. ಪಹಣಿ ಓದಲು ಬರುವವರಿಗೆ ಮಸೂದೆಯನ್ನೂ ಓದಲು ಬರುತ್ತದೆ. ಎರಡರಲ್ಲೂ ಯಾವ ಕಾಲಂನಲ್ಲಿ ಏನಿದೆ ಎಂದು ಗೊತ್ತಿದ್ದರಾಯಿತು.

ಮಸೂದೆಯನ್ನು ಸರಳ ಮಾಡುವುದು ಎಂದರೆ ಚಿಕ್ಕದು ಮಾಡುವುದು ಎಂದು ಬಹಳ ಜನ ತಿಳಿದಿದ್ದಾರೆ. ಚಿಕ್ಕದು ಮಾಡುವಾಗ ಮೊದಲು ಉದುರುವುದು ದಿನಾಂಕ, ಅಳತೆ ಮತ್ತು ‘ಆದರೆ’ ಎಂಬ ಮಾತು. ಊರಿನವರ ಜಮೀನು ನಿಂತಿರುವುದು ಆ ಮೂರರ ಮೇಲೆಯೇ.

ಕೈಯಲ್ಲಿರುವುದು ಯಾವ ಕಾಗದ?

ಅರ್ಧ ಗಲಾಟೆ ಇಲ್ಲೇ ಮುಗಿಯುತ್ತದೆ. ‘ಕಾನೂನು ಬಂತು’ ಎಂದು ಜನ ಹೇಳುವ ಕಾಗದ ಐದಾರು ಬಗೆಯದ್ದಾಗಿರಬಹುದು.

ಕರಡು ಮಸೂದೆ ಎಂದರೆ ಸಚಿವಾಲಯ ಅಭಿಪ್ರಾಯ ಕೇಳಲು ಹೊರಬಿಟ್ಟದ್ದು. ಸಂಸತ್ತಿಗೆ ಇನ್ನೂ ಹೋಗಿಲ್ಲ. ಮಸೂದೆ ಎಂದರೆ ಸದನದಲ್ಲಿ ಮಂಡಿಸಿದ್ದು. ಎರಡೂ ಸದನ ಒಪ್ಪಿ, ಸಂವಿಧಾನದ 111ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ಅದು ಕಾಯ್ದೆ. ಸುಗ್ರೀವಾಜ್ಞೆ 123ನೇ ವಿಧಿಯ ಕೆಳಗೆ ಬರುತ್ತದೆ. ಹೊರಟ ದಿನವೇ ಕಾನೂನಿನ ಬಲ ಇರುತ್ತದೆ, ಆದರೆ ಸಂಸತ್ತು ಮತ್ತೆ ಸೇರಿದ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗುತ್ತದೆ. ಇನ್ನು ಸಚಿವರಲ್ಲದ ಸಂಸದರು ತರುವ ಖಾಸಗಿ ಮಸೂದೆ: ಈವರೆಗೆ ಅಂಥವು ಕಾಯ್ದೆಯಾದದ್ದು 14 ಮಾತ್ರ, ಕೊನೆಯದು 1970ರಲ್ಲಿ. ಟಿ.ವಿ.ಯವರು ಇದನ್ನು ಹೇಳದೆ ‘ಮಸೂದೆ ಮಂಡನೆ’ ಎಂದು ಕೆಂಪು ಪಟ್ಟಿ ಓಡಿಸುತ್ತಾರೆ. ಮಸೂದೆಯ ಹಾಳೆಯಲ್ಲಿ ಮಂಡಿಸಿದವರ ಹೆಸರಿನ ಪಕ್ಕ ಸಚಿವರೆಂದು ಇದೆಯೇ, ಬರೀ ಸಂಸದರೆಂದು ಇದೆಯೇ ನೋಡಿ.

ಮಲೆನಾಡಿಗೆ ಹೆಚ್ಚು ತಟ್ಟುವುದು ಕೊನೆಯ ಬಗೆ: ಕರಡು ಅಧಿಸೂಚನೆ. ಎಲ್ಲರೂ ‘ಕಸ್ತೂರಿರಂಗನ್ ಕಾನೂನು’ ಎನ್ನುವುದು ಮಸೂದೆಯೇ ಅಲ್ಲ. 1986ರ ಪರಿಸರ (ಸಂರಕ್ಷಣೆ) ಕಾಯ್ದೆ ಆಗಲೇ ಕೊಟ್ಟಿರುವ ಅಧಿಕಾರದ ಮೇಲೆ, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಲು ಕೇಂದ್ರ ಪರಿಸರ ಸಚಿವಾಲಯ ಹೊರಡಿಸುವ ಕರಡು ಅದು. ಮೊದಲನೆಯದು 2014ರ ಮಾರ್ಚ್‌ನಲ್ಲಿ ಬಂತು, ಆರನೆಯದು 2024ರ ಜುಲೈ 31ರದ್ದು. ಆರು ರಾಜ್ಯ ಸೇರಿ 56,825.7 ಚದರ ಕಿ.ಮೀ., ಕರ್ನಾಟಕದ ಪಾಲು 20,668 ಚದರ ಕಿ.ಮೀ. ಎಂದು ಅದರಲ್ಲಿದೆ. ಇದಕ್ಕೆ ಸಂಸತ್ತಿನಲ್ಲಿ ಮತದಾನ ನಡೆಯುವುದಿಲ್ಲ. ಹಾಗಾಗಿ ‘ನಮ್ಮ ಎಂ.ಪಿ. ಯಾಕೆ ವಿರುದ್ಧ ಓಟು ಹಾಕಲಿಲ್ಲ’ ಎಂದು ಜಗಳಾಡಿ ಉಪಯೋಗವಿಲ್ಲ. ಗೆಜೆಟ್ ಪ್ರಕಟವಾದ ಮೇಲೆ 60 ದಿನ ಆಕ್ಷೇಪಣೆಗೆ ಇರುತ್ತದೆ. ಜಗಳದ ಜಾಗ ಅದು. ಹಾಳೆಯ ಮೊದಲ ಸಾಲಿನಲ್ಲೇ ಬರೆಯಿರಿ: ‘ಇದು ಕರಡು. ಇವತ್ತಿಗೆ ಜಾರಿಯಲ್ಲಿಲ್ಲ.’

ಪ್ರತಿ

ಪೇಪರಿನ ವರದಿ ನೋಡಿ ಬರೆಯಬೇಡಿ. ಸಂಸತ್ತಿನ ಜಾಲತಾಣದಲ್ಲಿ ಮಸೂದೆಯ ಪಿಡಿಎಫ್ ಸಿಗುತ್ತದೆ. ಮಸೂದೆಗಳ ಅಧ್ಯಯನ ಮಾಡುವ ಪಿಆರ್‌ಎಸ್ ಸಂಸ್ಥೆಯ ತಾಣದಲ್ಲಿ ಅದೇ ಪ್ರತಿಯ ಜೊತೆಗೆ ಸಮಿತಿಯ ವರದಿಯೂ ಒಂದೇ ಕಡೆ ಇರುತ್ತದೆ. ಒಂದೇ ಮಸೂದೆಗೆ ಮೂರು ಪ್ರತಿಗಳಿರಬಹುದು: ಮಂಡಿಸಿದಂತೆ, ಒಂದು ಸದನ ಒಪ್ಪಿದಂತೆ, ಎರಡೂ ಸದನ ಒಪ್ಪಿದಂತೆ. ಮೊದಲ ಪ್ರತಿ ನೋಡಿ ಬರೆದ ಹಾಳೆ ಮೂರನೆಯದು ಬಂದ ಮೇಲೂ ಬೋರ್ಡಿನಲ್ಲಿ ನೇತಾಡುವುದು ಈ ಕೆಲಸದ ಅತಿ ಸಾಮಾನ್ಯ ತಪ್ಪು. ಯಾವ ಪ್ರತಿ, ಯಾವ ದಿನ ತೆಗೆದದ್ದು ಎಂದು ಹಾಳೆಯ ಬಲತುದಿಯಲ್ಲಿ ಬರೆಯಿರಿ.

ಮಸೂದೆ ಬರುವುದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಕನ್ನಡದಲ್ಲಿ ಇರುವುದಿಲ್ಲ. ಕೇಂದ್ರದ ಕಾಯ್ದೆಗಳಿಗೆ ಅಧಿಕೃತ ಕನ್ನಡ ಪಠ್ಯ ತರಲು 1973ರ ಕಾನೂನೊಂದಿದೆ, ಆದರೆ ಅದು ಕಾಯ್ದೆ ಆದ ನಂತರದ ಮಾತು. ಕನ್ನಡದಲ್ಲಿ ಕೊಡದಿದ್ದರೆ ಏನಾದೀತು ಎಂಬುದಕ್ಕೆ 2020ರ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆ ಉದಾಹರಣೆ: 22 ಭಾಷೆಗಳಿಗೆ ಅನುವಾದಿಸಿ ಎಂದು ದಿಲ್ಲಿ ಹೈಕೋರ್ಟ್ ಆ ಜೂನ್‌ನಲ್ಲಿ ಹೇಳಿತ್ತು, ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸುವುದಕ್ಕೆ ತಡೆ ಕೊಟ್ಟಿತು.

ಮಸೂದೆಯನ್ನು ಒಂದೇ ಬದಿಗೆ, ಅಗಲ ಅಂಚು ಬಿಟ್ಟು ಪ್ರಿಂಟ್ ಹಾಕಿಸಿ. ಫೋನಿನಲ್ಲಿ ಓದಿ ಇದನ್ನು ಮಾಡಲಾಗುವುದಿಲ್ಲ. ಮೂರನೇ ಪುಟದ ವ್ಯಾಖ್ಯೆಯನ್ನೂ ಹನ್ನೊಂದನೇ ಪುಟದ ದಂಡವನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಾಗುತ್ತದೆ.

ಹಿಂದಿನಿಂದ ಓದಿ

ಮಸೂದೆಯ ಬಾಲದಲ್ಲಿ ನಾಲ್ಕು ಬಾಲಂಗೋಚಿಗಳಿರುತ್ತವೆ. ಮೊದಲನೆಯದು ಉದ್ದೇಶ ಮತ್ತು ಕಾರಣಗಳ ಹೇಳಿಕೆ, ಸಚಿವರ ಸಹಿ ಇರುವುದು. ಓದಲು ಸುಲಭ, ಹಾಗಾಗಿ ಪೇಪರಿನವರು ಬರೆಯುವುದು ಇದನ್ನೇ. ಆದರೆ ಇದು ಕಾನೂನಿನ ಭಾಗವಲ್ಲ. ಇಲ್ಲಿರುವ ಒಂದು ಆಶ್ವಾಸನೆಯನ್ನೂ ಖಂಡದಲ್ಲಿ (ಮಸೂದೆಯ ನಂಬರು ಹಾಕಿದ ಭಾಗ, ಕಾಯ್ದೆಯಾದ ಮೇಲೆ ಅದೇ ಸೆಕ್ಷನ್) ಕಾಣದ ಹೊರತು ಹಾಳೆಗೆ ಇಳಿಸಬೇಡಿ. ಎರಡನೆಯದು ಖಂಡವಾರು ಟಿಪ್ಪಣಿ. ಇದು ಬೇಲಿಯ ಆಚೆ ನಿಂತು ದಾರಿ ತೋರಿಸುವವರ ಹಾಗೆ, ನೆರವಿಗೆ ಬರುತ್ತದೆ ಆದರೆ ಗ್ಯಾರಂಟಿ ಇಲ್ಲ. ಮೂರನೆಯದು ಹಣಕಾಸು ಟಿಪ್ಪಣಿ. ಖಂಡದಲ್ಲಿ ಹೊಸ ಪ್ರಾಧಿಕಾರ, ಹೊಸ ಕಚೇರಿ ಇದ್ದು ಇಲ್ಲಿ ‘ಹೆಚ್ಚುವರಿ ವೆಚ್ಚ ಇಲ್ಲ’ ಎಂದಿದ್ದರೆ ಕೆಲಸ ಯಾರ ತಲೆಗೆ ಬೀಳುತ್ತದೆ ಎಂದು ಕೇಳುವ ಪ್ರಶ್ನೆ ನಿಮಗೆ ಸಿಕ್ಕಿತು.

ನಾಲ್ಕನೆಯದನ್ನು ಯಾರೂ ಓದುವುದಿಲ್ಲ, ಬೆಲೆಬಾಳುವುದು ಅದೇ: ಪ್ರತ್ಯಾಯೋಜಿತ ಶಾಸನದ ಟಿಪ್ಪಣಿ. ಹೆಸರು ಹೆದರಿಸುತ್ತದೆ, ವಿಷಯ ಇಷ್ಟೇ: ಯಾವ ಯಾವ ವಿವರವನ್ನು ಸಂಸತ್ತು ತಾನು ಬರೆಯದೆ ಸರ್ಕಾರ ಆಮೇಲೆ ನಿಯಮದಲ್ಲಿ ಬರೆದುಕೊಳ್ಳಲಿ ಎಂದು ಬಿಟ್ಟಿದೆ ಎಂಬ ಪಟ್ಟಿ. ಶುಲ್ಕ ಎಷ್ಟು, ಅರ್ಜಿ ನಮೂನೆ ಯಾವುದು, ಪರಿಹಾರ ಹೇಗೆ ಲೆಕ್ಕ ಎಂಬುದೆಲ್ಲ ಅಲ್ಲಿ ಕುಳಿತಿದ್ದರೆ, ಆ ಬಗ್ಗೆ ನಿಮ್ಮ ಹಾಳೆಯಲ್ಲಿ ಇರಬೇಕಾದ ವಾಕ್ಯ ಒಂದೇ: ‘ಇದನ್ನು ಮಸೂದೆ ಹೇಳುವುದಿಲ್ಲ, ನಿಯಮ ಬಂದ ಮೇಲೆ ಗೊತ್ತಾಗುತ್ತದೆ.’ ಇದನ್ನು ಬರೆಯಲು ನಾಚಿಕೆಪಟ್ಟು ಅಂದಾಜಿನಲ್ಲಿ ತುಂಬಿಸುವವರೇ ಮುಂದಿನ ವದಂತಿಗೆ ಗೊಬ್ಬರ ಹಾಕುವವರು.

ಆಮೇಲೆ ಮುಂದಕ್ಕೆ ಬನ್ನಿ. 1ನೇ ಖಂಡದಲ್ಲಿ ಹೆಸರು, ಎಲ್ಲಿಗೆ ಅನ್ವಯ, ಯಾವಾಗ ಜಾರಿ. ‘ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ತಿಳಿಸುವ ದಿನದಿಂದ’ ಎಂದಿದ್ದರೆ ಅಂಕಿತ ಬಿದ್ದ ದಿನ ಬೇರೆ, ಜಾರಿಯ ದಿನ ಬೇರೆ. 2023ರ ಅರಣ್ಯ (ಸಂರಕ್ಷಣೆ) ತಿದ್ದುಪಡಿಗೆ ಅಂಕಿತ ಬಿದ್ದದ್ದು ಆ ವರ್ಷದ ಆಗಸ್ಟ್ 4ಕ್ಕೆ, ಜಾರಿಯಾದದ್ದು ಡಿಸೆಂಬರ್ 1ಕ್ಕೆ.

2ನೇ ಖಂಡ ಸಾಮಾನ್ಯವಾಗಿ ವ್ಯಾಖ್ಯೆಗಳದ್ದು. ನಿಮ್ಮ ಒಟ್ಟು ಸಮಯದ ಮೂರರಲ್ಲೊಂದು ಭಾಗ ಇಲ್ಲಿ ಹೋಗಲಿ. 2020ರ ಕೃಷಿ ಉತ್ಪನ್ನ ವ್ಯಾಪಾರ ಕಾನೂನನ್ನೇ ನೋಡಿ (ಜೂನ್‌ನಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಕಾಯ್ದೆ, 2021ರ ನವೆಂಬರ್‌ನಲ್ಲಿ ರದ್ದು). ಒಂದು ಕಡೆಯವರು ‘ರೈತನಿಗೆ ಸ್ವಾತಂತ್ರ್ಯ’ ಎಂದರು, ಇನ್ನೊಂದು ಕಡೆಯವರು ‘ಎಪಿಎಂಸಿ ಮುಚ್ಚುತ್ತಾರೆ’ ಎಂದರು. ಮುಚ್ಚುವ ಮಾತು ಪಠ್ಯದಲ್ಲಿರಲಿಲ್ಲ, ಸ್ವಾತಂತ್ರ್ಯದ ಮಾತಿದ್ದರೂ ಅದರಿಂದ ಲೆಕ್ಕ ತಿಳಿಯುತ್ತಿರಲಿಲ್ಲ. ಲೆಕ್ಕ ಇದ್ದದ್ದು ‘ಟ್ರೇಡ್ ಏರಿಯಾ’ ಎಂಬ ಪದದ ವ್ಯಾಖ್ಯೆಯಲ್ಲಿ: ಮಾರುಕಟ್ಟೆ ಪ್ರಾಂಗಣದ ಗಡಿಯನ್ನು ಬಿಟ್ಟು ಉಳಿದ ಜಾಗ. ಆ ಜಾಗದಲ್ಲಿ ರಾಜ್ಯದ ಮಾರುಕಟ್ಟೆ ಶುಲ್ಕ ಹಾಕುವಂತಿಲ್ಲ ಎಂದು 6ನೇ ಸೆಕ್ಷನ್. ಅಂದರೆ ಯಾರ್ಡಿನ ಗೇಟಿನ ಒಳಗೆ ಶುಲ್ಕ, ಗೇಟಿನ ಹೊರಗೆ ಇಲ್ಲ. ಇಷ್ಟು ಹೇಳಿದ್ದರೆ ಶಿವಮೊಗ್ಗ, ಸಾಗರದ ಮಂಡಿಗೆ ಅಡಿಕೆ ಹಾಕುವವರು ಮುಂದಿನದ್ದನ್ನು ತಾವೇ ಊಹಿಸುತ್ತಿದ್ದರು, ವ್ಯಾಪಾರ ಎತ್ತ ಸರಿಯುತ್ತದೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅಂದಹಾಗೆ, ಆ ಕಾನೂನಿನ ‘ರೈತರ ಉತ್ಪನ್ನ’ದ ವ್ಯಾಖ್ಯೆಯಲ್ಲಿ ಅಡಿಕೆಯ ಹೆಸರು ಹೇಳಿರಲಿಲ್ಲ. ‘ನಟ್ಸ್’ ಎಂದಿತ್ತು, ಅದೂ ಆಹಾರ ಪದಾರ್ಥ ಎಂಬ ಮಾತಿನ ಕೆಳಗೆ. ಅಡಿಕೆ ಆಹಾರವೇ ಎಂಬ ಪ್ರಶ್ನೆಯನ್ನು ಮಲೆನಾಡಿನಲ್ಲಿ ಎತ್ತಿದರೆ ಊಟದ ಹೊತ್ತು ಮೀರುತ್ತದೆ, ಬಿಡಿ.

ತಿದ್ದುಪಡಿ ಮಸೂದೆಗೆ ಕತ್ತರಿ, ಗೋಂದು

ಬರುವ ಮಸೂದೆಗಳಲ್ಲಿ ಬಹುಪಾಲು ತಿದ್ದುಪಡಿಗಳು. ಅವನ್ನು ಹಾಗೆಯೇ ಓದಿದರೆ ತಲೆಬುಡ ತಿಳಿಯುವುದಿಲ್ಲ: ‘ಮೂಲ ಕಾಯ್ದೆಯ ಇಂಥ ಸೆಕ್ಷನ್ನಿನ ಇಂಥ ಪದಗಳ ಬದಲು ಇಂಥ ಪದಗಳನ್ನು ಇಡತಕ್ಕದ್ದು’ ಎಂದಷ್ಟೇ ಇರುತ್ತದೆ. ಮಸೂದೆಯ ಕೊನೆಯ ಅನುಬಂಧದಲ್ಲಿ ಹಳೆಯ ಸೆಕ್ಷನ್ ಕೊಟ್ಟಿರುತ್ತಾರೆ, ಆದರೆ ಬದಲಾಗುವ ಭಾಗ ಮಾತ್ರ. ಇಂಡಿಯಾ ಕೋಡ್ ತಾಣದಿಂದ ಇಡೀ ಮೂಲ ಕಾಯ್ದೆ ಇಳಿಸಿಕೊಳ್ಳಿ, ಈ ಹಿಂದಿನ ತಿದ್ದುಪಡಿಗಳು ಸೇರಿದ ಪ್ರತಿಯೇ ಆಗಬೇಕು. ಹಳೆಯ ಸೆಕ್ಷನ್ ಕತ್ತರಿಸಿ ಬಿಳಿ ಹಾಳೆಗೆ ಅಂಟಿಸಿ, ಹೋಗುವ ಪದದ ಮೇಲೆ ಕೆಂಪು ಗೆರೆ, ಬರುವ ಪದ ನೀಲಿ ಶಾಯಿಯಲ್ಲಿ. ಹೊಸ ಸೆಕ್ಷನ್ ಪೂರ್ತಿಯಾಗಿ ಜೋರಾಗಿ ಓದಿ. ಆಮೇಲಷ್ಟೇ ಕನ್ನಡ.

ಒಂದು ಖಂಡವನ್ನು ಹತ್ತಿರದಿಂದ

ಅಭ್ಯಾಸಕ್ಕೆ ಮುಗಿದುಹೋದ ಮಸೂದೆ ಒಳ್ಳೆಯದು. ಮಸೂದೆ, ಸಮಿತಿ ವರದಿ, ಕಾಯ್ದೆ, ನಿಯಮ, ಕೋರ್ಟಿನ ಆದೇಶ ಎಲ್ಲ ಒಂದೇ ಕಡೆ ಸಿಗುತ್ತದೆ. ಮೇಲೆ ಹೇಳಿದ 2023ರ ಅರಣ್ಯ ತಿದ್ದುಪಡಿಯನ್ನೇ ತೆಗೆದುಕೊಳ್ಳಿ. ಅದು 1980ರ ಕಾಯ್ದೆಯ ಹೆಸರನ್ನೇ ‘ವನ (ಸಂರಕ್ಷಣ್ ಏವಂ ಸಂವರ್ಧನ್) ಅಧಿನಿಯಮ’ ಎಂದು ಬದಲಿಸಿತು. ಹಾಳೆಯಲ್ಲಿ ಎರಡೂ ಹೆಸರು ಬರೆಯದಿದ್ದರೆ ಜನ ಎರಡು ಕಾಯ್ದೆ ಎಂದುಕೊಳ್ಳುತ್ತಾರೆ.

ಅದು ಸೇರಿಸಿದ 1ಎ ಸೆಕ್ಷನ್ ಈ ಕಾಯ್ದೆ ಯಾವ ಜಮೀನಿಗೆ ಅನ್ವಯ ಎಂದು ಹೇಳುತ್ತದೆ. (ಎ) 1927ರ ಭಾರತೀಯ ಅರಣ್ಯ ಕಾಯ್ದೆಯಡಿ ಅಥವಾ ಜಾರಿಯಲ್ಲಿರುವ ಬೇರೆ ಕಾನೂನಿನಡಿ ಅರಣ್ಯವೆಂದು ಘೋಷಣೆ ಅಥವಾ ಅಧಿಸೂಚನೆ ಆದದ್ದು. (ಬಿ) ಹಾಗೆ ಆಗದಿದ್ದರೂ 1980ರ ಅಕ್ಟೋಬರ್ 25ರಂದು ಅಥವಾ ಆಮೇಲೆ ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ಇರುವುದು. ಅದರ ಕೆಳಗೊಂದು ಪರಂತುಕ, ಅಂದರೆ ‘ಆದರೆ’ ಎನ್ನುವ ಷರತ್ತು: 1996ರ ಡಿಸೆಂಬರ್ 12ಕ್ಕೆ ಮೊದಲು ಅಥವಾ ಅಂದು, ರಾಜ್ಯ ಸರ್ಕಾರ ಅಧಿಕಾರ ಕೊಟ್ಟವರ ಆದೇಶದ ಮೇಲೆ ಅರಣ್ಯೇತರ ಬಳಕೆಗೆ ಬದಲಾದ ಜಮೀನಿಗೆ ‘ಈ ಖಂಡ’ ಅನ್ವಯಿಸುವುದಿಲ್ಲ. ಆ ದಿನಾಂಕ, ‘ಅರಣ್ಯ’ಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಬೇಕು ಎಂದ ಸುಪ್ರೀಂ ಕೋರ್ಟಿನ ಗೋದಾವರ್ಮನ್ ಪ್ರಕರಣದ ಆದೇಶದ್ದು.

‘ಈ ಖಂಡ’ ಎಂಬ ಎರಡು ಪದದ ಮೇಲೆ ಬೆರಳಿಡಿ. ಈ ವಿನಾಯಿತಿ (ಬಿ)ಗೆ ಮಾತ್ರ. ಜಮೀನು (ಎ)ಯಲ್ಲಿ ಬಂದರೆ 1996ರ ದಿನಾಂಕ ಅದರ ನೆರವಿಗೆ ಬರುವುದಿಲ್ಲ. ‘1996ಕ್ಕಿಂತ ಹಿಂದಿನ ಸಾಗುವಳಿ ಎಲ್ಲ ಬಚಾವು’ ಎಂದು ಬರೆದರೆ ಎರಡು ತಪ್ಪು: ಒಂದು, (ಎ)ಯನ್ನು ಮರೆತದ್ದು, ಎರಡು, ಬರೀ ಸಾಗುವಳಿ ಸಾಲದು, ಆದೇಶ ಬೇಕು ಎಂಬುದನ್ನು ಬಿಟ್ಟದ್ದು. ಲಿಂಗನಮಕ್ಕಿ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟು ಬಂದ ಕುಟುಂಬಗಳಿಗೆ ಈ ಹಾಳೆಯಿಂದ ಸಿಗಬೇಕಾದದ್ದು ಸಮಾಧಾನವಲ್ಲ, ಹುಡುಕಬೇಕಾದ ಕಾಗದದ ಹೆಸರು: ಜಾಗ ಕೊಟ್ಟ ಆದೇಶದ ಪ್ರತಿ, ಅದರ ದಿನಾಂಕ, ಸಹಿ ಹಾಕಿದ ಅಧಿಕಾರಿಯ ಹುದ್ದೆ, ಜೊತೆಗೆ ಆ ಸರ್ವೆ ನಂಬರು ಅರಣ್ಯ ಅಧಿಸೂಚನೆಯಲ್ಲಿ ಇದೆಯೋ ಇಲ್ಲವೋ. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ 4ನೇ ಸೆಕ್ಷನ್ ಪ್ರಕಟಣೆಯಾಗಿ 17ರ ಘೋಷಣೆಯಾಗದೆ ಉಳಿದ ಜಮೀನು (ಎ)ಯೋ (ಬಿ)ಯೋ ಎಂದು ಹಾಳೆಯಲ್ಲಿ ತೀರ್ಪು ಕೊಡಬೇಡಿ. ಅದು ವಕೀಲರ ಮೇಜಿನ ಪ್ರಶ್ನೆ.

ಅದೇ ಸೆಕ್ಷನ್ನಿನ ವಿನಾಯಿತಿಗಳಲ್ಲಿ ‘0.10 ಹೆಕ್ಟೇರ್’ ಎಂದಿದೆ. ಹೆಕ್ಟೇರ್ ಎಂದರೆ ಊರಿನಲ್ಲಿ ಯಾರ ಕಣ್ಣಿಗೂ ಜಾಗ ಕಾಣುವುದಿಲ್ಲ. 1 ಹೆಕ್ಟೇರ್ ಎಂದರೆ 2 ಎಕರೆ 19 ಗುಂಟೆಗೆ ಚೂರು ಕಡಿಮೆ, 0.10 ಎಂದರೆ 9 ಗುಂಟೆ 14 ಆಣೆ. 5 ಹೆಕ್ಟೇರ್ 12 ಎಕರೆ 14 ಗುಂಟೆ. 10 ಹೆಕ್ಟೇರ್ 24 ಎಕರೆ 28 ಗುಂಟೆ. ಈ ಪಟ್ಟಿಯನ್ನು ಒಂದು ಸಲ ಮಾಡಿಟ್ಟುಕೊಂಡರೆ ಎಲ್ಲ ಮಸೂದೆಗೂ ಆಗುತ್ತದೆ. ಮೂಲ ಅಂಕಿಯನ್ನು ಮಾತ್ರ ಪಕ್ಕದಲ್ಲಿ ಬಿಡಲೇಬೇಕು, ಆಕ್ಷೇಪಣೆ ಬರೆಯುವಾಗ ಅದು ಬೇಕು.

ಕೆಟ್ಟ ಬರಹ ಹೀಗಿರುತ್ತದೆ: ‘ರಸ್ತೆ ಬದಿಯ 10 ಗುಂಟೆ ಅರಣ್ಯ ಇನ್ನು ಮುಂದೆ ಜನರಿಗೆ.’

ಸರಿಯಾದದ್ದು ಉದ್ದವಾಗುತ್ತದೆ, ಆಗಲಿ: ‘ಸರ್ಕಾರ ನಿರ್ವಹಿಸುವ ರಸ್ತೆ ಅಥವಾ ರೈಲು ಹಳಿಯ ಪಕ್ಕದ ಅರಣ್ಯ ಜಮೀನಿನಲ್ಲಿ ಮನೆಗಳಿಗೆ ಅಥವಾ ರಸ್ತೆ, ರೈಲು ಬದಿಯ ಸೌಕರ್ಯಕ್ಕೆ ಹೋಗುವ ದಾರಿಗಾಗಿ, ಒಂದು ಪ್ರಕರಣಕ್ಕೆ ಹೆಚ್ಚೆಂದರೆ 9 ಗುಂಟೆ 14 ಆಣೆ (0.10 ಹೆಕ್ಟೇರ್) ಜಾಗಕ್ಕೆ ಈ ಕೇಂದ್ರ ಕಾಯ್ದೆ ಅನ್ವಯಿಸುವುದಿಲ್ಲ. ಜಾಗ ಯಾರ ಹೆಸರಿಗೂ ಆಗುವುದಿಲ್ಲ. ರಾಜ್ಯದ ಅರಣ್ಯ ಕಾಯ್ದೆ ಹಾಗೇ ಇರುತ್ತದೆ.’ ಕೊನೆಯ ಎರಡು ವಾಕ್ಯ ಖಂಡದಲ್ಲಿಲ್ಲ. ಆದರೂ ಬೇಕು, ಓದುವವರು ತಪ್ಪು ತಿಳಿಯುವ ಜಾಗ ಗೊತ್ತಿದ್ದು ಸುಮ್ಮನಿರಬಾರದು. ಗಡಿಯಿಂದ 100 ಕಿ.ಮೀ. ಒಳಗಿನ ಯೋಜನೆಗಳ ವಿನಾಯಿತಿಗೆ ನಮ್ಮ ಹಾಳೆಯಲ್ಲಿ ಒಂದು ಸಾಲು ಸಾಕು; ಅದು ದೇಶಕ್ಕೆ ದೊಡ್ಡ ಚರ್ಚೆ, ಹೊಸನಗರದ ಬೋರ್ಡಿಗೆ ಅಲ್ಲ.

ಪಠ್ಯದ ಮೇಲೆ ಕೋರ್ಟಿನ ಆದೇಶ ಕುಳಿತಿದ್ದರೆ ಅದಕ್ಕೂ ಒಂದು ಸಾಲು. ಈ ತಿದ್ದುಪಡಿಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 2024ರ ಫೆಬ್ರವರಿ 19ರ ಮಧ್ಯಂತರ ಆದೇಶದಲ್ಲಿ, ರಾಜ್ಯಗಳು ಅರಣ್ಯವನ್ನು ಗುರುತಿಸುವ ಕೆಲಸ ಮುಗಿಯುವತನಕ ‘ಅರಣ್ಯ’ ಪದಕ್ಕೆ ಗೋದಾವರ್ಮನ್ ಆದೇಶದ ನಿಘಂಟಿನ ಅರ್ಥವನ್ನೇ ಪಾಲಿಸಿ ಎಂದಿತು. ಕಾಯ್ದೆ ಮಾತ್ರ ಓದಿದವರಿಗೆ ಇದು ಗೊತ್ತಾಗುವುದೇ ಇಲ್ಲ.

ಮಂಗ ಇರುವುದು ಕೊನೆಯ ಪುಟದಲ್ಲಿ

ಅನುಸೂಚಿ ಎಂಬ ಪಟ್ಟಿಯನ್ನು ದಾಟಿಸಿ ಓದುವ ಅಭ್ಯಾಸ ಎಲ್ಲರಿಗೂ ಇದೆ. 2021ರ ಡಿಸೆಂಬರ್‌ನಲ್ಲಿ ಮಂಡನೆಯಾಗಿ 2022ರ ಡಿಸೆಂಬರ್‌ನಲ್ಲಿ ಕಾಯ್ದೆಯಾದ ವನ್ಯಜೀವಿ (ಸಂರಕ್ಷಣೆ) ತಿದ್ದುಪಡಿ ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು. ನಮ್ಮ ತೋಟದ ಬಾಳೆ, ಏಲಕ್ಕಿ ಮುಗಿಸುವ ಬಾನೆಟ್ ಮಕಾಕ್, ಅಂದರೆ ಮಾಮೂಲಿ ಕೆಂಪು ಮುಖದ ಮಂಗ, ಮೊದಲು ಎರಡನೇ ಅನುಸೂಚಿಯಲ್ಲಿತ್ತು. ಈ ತಿದ್ದುಪಡಿಯಲ್ಲಿ ಅತಿ ಹೆಚ್ಚು ರಕ್ಷಣೆಯ ಒಂದನೆಯದಕ್ಕೆ ಹೋಯಿತು. ಖಂಡಗಳನ್ನು ಎಷ್ಟು ಸಲ ಓದಿದರೂ ಇದು ಕಾಣುವುದಿಲ್ಲ. ಪಟ್ಟಿಯಲ್ಲಿ ಹುಡುಕುವಾಗ ಇಂಗ್ಲಿಷ್ ಹೆಸರನ್ನು ನಂಬಬೇಡಿ, ವೈಜ್ಞಾನಿಕ ಹೆಸರಿನಿಂದ ಹುಡುಕಿ: ಮಕಾಕಾ ರೇಡಿಯೇಟಾ. ಹಳೆಯ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಅಕ್ಕಪಕ್ಕ ಇಟ್ಟು ನಿಮ್ಮೂರಿಗೆ ಸಂಬಂಧಿಸಿದ ಹೆಸರುಗಳನ್ನಷ್ಟೇ ಎತ್ತಿಕೊಳ್ಳಿ. ಮಂಗ, ಕಾಡುಹಂದಿ, ಕಾಟಿ, ನವಿಲು, ಆನೆ. ಇಷ್ಟಾದರೆ ಮಲೆನಾಡಿನ ಪಟ್ಟಿ ಬಹುಮಟ್ಟಿಗೆ ಮುಗಿಯಿತು.

ಕನ್ನಡಕ್ಕೆ ಇಳಿಸುವಾಗ

ಇಂಗ್ಲಿಷಿನ ‘ಶಲ್’ಗೆ ‘ಮಾಡಲೇಬೇಕು’, ‘ಮೇ’ಗೆ ‘ಮಾಡಬಹುದು’. ಇವೆರಡು ಕಲೆತರೆ ಹಾಳೆ ಹರಿದು ಹಾಕಬೇಕು. ‘ಪರಿಹಾರ ಕೊಡಬಹುದು’ ಎಂಬುದನ್ನು ‘ಪರಿಹಾರ ಕೊಡುತ್ತಾರೆ’ ಎಂದು ಬರೆದ ಹಾಳೆ ಹಿಡಿದು ಜನ ತಾಲ್ಲೂಕು ಕಚೇರಿಗೆ ಬಸ್ಸು ಹತ್ತುತ್ತಾರೆ. ‘ಮೀನ್ಸ್’ ಎಂದಿದ್ದರೆ ಪಟ್ಟಿ ಅಲ್ಲಿಗೇ ಮುಗಿಯಿತು, ‘ಇನ್‌ಕ್ಲೂಡ್ಸ್’ ಎಂದಿದ್ದರೆ ಇನ್ನೂ ಸೇರಬಹುದು. ‘ಸಬ್ಜೆಕ್ಟ್ ಟು’ ಎಂದರೆ ಈ ಮಾತು ಇನ್ನೊಂದು ಸೆಕ್ಷನ್ನಿನ ಕೆಳಗಿನ ಮಾತು. ‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಎಂದರೆ ಬೇರೆಲ್ಲಿ ಏನೇ ಇದ್ದರೂ ಇದೇ ಮೇಲು. ‘ಡೀಮ್ಡ್’ ಕಂಡಲ್ಲಿ ಎರಡು ಸಲ ಓದಿ: ಆಗದ್ದನ್ನು ಆಗಿದೆ ಎಂದು ಕಾನೂನು ಒಪ್ಪಿಕೊಳ್ಳುತ್ತಿದೆ. ಇಷ್ಟು ದಿನದೊಳಗೆ ಉತ್ತರ ಬರದಿದ್ದರೆ ಅನುಮತಿ ಸಿಕ್ಕಿತೆಂದೋ, ಅರ್ಜಿ ವಜಾ ಆಯಿತೆಂದೋ ತಿಳಿಯಬೇಕು. ಯಾವುದು ಎಂಬುದೇ ಎಲ್ಲ.

ಒಮ್ಮೊಮ್ಮೆ ಸಾದಾ ಪದಕ್ಕೂ ಕಾನೂನು ಲೆಕ್ಕ ಹಾಕಿಟ್ಟಿರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ‘ಮೂರು ತಲೆಮಾರು’ ಎಂದರೆ ಅಜ್ಜ, ಅಪ್ಪ, ಮಗ ಅಲ್ಲ. ತಲೆಮಾರಿಗೆ 25 ವರ್ಷದಂತೆ 75 ವರ್ಷ, ಅದೂ 2005ರ ಡಿಸೆಂಬರ್ 13ರಿಂದ ಹಿಂದಕ್ಕೆ.

ಜಮೀನಿನ ಪದಗಳಲ್ಲಿ ಇನ್ನೂ ಜಾಗ್ರತೆ ಬೇಕು. ಕಾಡು, ಅರಣ್ಯ, ಬೆಟ್ಟ, ಕಾನು, ಗೋಮಾಳ ಇವು ಮಾತಿನಲ್ಲಿ ಒಂದರ ಮೇಲೊಂದು ಬೀಳುತ್ತವೆ, ದಾಖಲೆಯಲ್ಲಿ ಬೇರೆ ಬೇರೆ. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಜಾಗ), ಕಾನು ಜಮೀನಿನ ಸೌಲಭ್ಯಗಳ ಮಾತು ರಾಜ್ಯದ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ನಿನಲ್ಲಿದೆ. ದಿಲ್ಲಿಯ ಮಸೂದೆಯಲ್ಲಿ ‘ಬೆಟ್ಟ’ ಎಂಬ ಪದವೇ ಇರುವುದಿಲ್ಲ. ಆದ್ದರಿಂದ ‘ಬೆಟ್ಟಕ್ಕೆ ಏನಾಗುತ್ತದೆ’ ಎಂಬ ಪ್ರಶ್ನೆಗೆ ನೇರ ಉತ್ತರ ಬರೆಯಲಾಗದು. ‘ನಿಮ್ಮ ಬೆಟ್ಟದ ಸರ್ವೆ ನಂಬರು ಸರ್ಕಾರಿ ದಾಖಲೆಯಲ್ಲಿ ಅರಣ್ಯವೆಂದು ಇದೆಯೇ ನೋಡಿ, ಇದ್ದರೆ ಹೀಗೆ, ಇಲ್ಲದಿದ್ದರೆ ಹೀಗೆ’ ಎಂದು ಎರಡು ಕವಲು ಮಾಡಿ. ಬಗರ್‌ಹುಕುಂನದ್ದೂ ಇದೇ ಕಥೆ. ಜಮೀನು ರಾಜ್ಯದ ವಿಷಯ, ಸಾಗುವಳಿ ಸಕ್ರಮಕ್ಕೆ ಹಾಕುವ ಫಾರಂ 57 ರಾಜ್ಯದ್ದು. ಅರಣ್ಯ ಮಾತ್ರ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಹಾಗಾಗಿ ಫಾರಂ ರಾಜ್ಯಕ್ಕೆ ಕೊಟ್ಟರೂ ಜಮೀನು ಅರಣ್ಯ ದಾಖಲೆಯಲ್ಲಿದ್ದರೆ ಕೇಂದ್ರದ ಕಾಯ್ದೆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ.

ಹಾಳೆ

ಬೋರ್ಡೋ ಕಲಸುವ ಚೀಟಿಯನ್ನು ಮಾದರಿ ಇಟ್ಟುಕೊಳ್ಳಿ. ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್. ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂಬುದು. ಅದನ್ನು ಓದಿ ತಪ್ಪು ಮಾಡಿದವರು ಕಡಿಮೆ, ಏಕೆಂದರೆ ಅದರಲ್ಲಿ ವಿಶೇಷಣಗಳಿಲ್ಲ. ಎ4 ಹಾಳೆ, 14 ಪಾಯಿಂಟ್ ಅಕ್ಷರ, ಎರಡು ಬದಿ. ಮೇಲೆ ಕಾಗದದ ಬಗೆ ಮತ್ತು ಇವತ್ತಿನ ಸ್ಥಿತಿ. ಕೆಳಗೆ: ಯಾರಿಗೆ ತಟ್ಟುತ್ತದೆ, ಈಗ ಏನಿದೆ, ಏನಾಗಲಿದೆ, ಯಾವ ದಿನಾಂಕದಿಂದ, ಯಾರು ನಿರ್ಧರಿಸುತ್ತಾರೆ, ಮೇಲ್ಮನವಿ ಎಲ್ಲಿ, ದಂಡ ಎಷ್ಟು. ಪ್ರತಿ ವಾಕ್ಯದ ಕೊನೆಗೆ ಖಂಡದ ಸಂಖ್ಯೆ. ಸಂಖ್ಯೆ ಹಾಕಲಾಗದ ವಾಕ್ಯ ನಿಮ್ಮ ಅಭಿಪ್ರಾಯ, ಅದನ್ನು ಕೆಳಗೆ ಗೆರೆ ಹೊಡೆದು ಬೇರೆ ಇಡಿ. ಅಭಿಪ್ರಾಯ ಇರಲೇಬಾರದು ಎಂದೇನಿಲ್ಲ. ಗೆರೆ ಮಾತ್ರ ಬೇಕು.

ಅಂಟಿಸುವ ಮೊದಲು ಇಬ್ಬರಿಗೆ ಓದಿ ಹೇಳಿ: ಕಚೇರಿ ಓಡಾಟ ಬಲ್ಲ ಒಬ್ಬರು, ಅದರ ಗಂಧವಿಲ್ಲದ ಇನ್ನೊಬ್ಬರು. ‘ಅರ್ಥ ಆಯ್ತಾ’ ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಹಾಗಾದರೆ ನಿಮ್ಮ ಜಮೀನಿಗೆ ಏನಾಗುತ್ತದೆ, ಹೇಳಿ’ ಎಂದು ಕೇಳಿ. ಅವರು ತಪ್ಪು ಹೇಳಿದ ವಾಕ್ಯವನ್ನು ತಿದ್ದಿ ಬರೆಯಿರಿ.

ಅಭಿಪ್ರಾಯ ಕಳಿಸುವುದು

2014ರ ಫೆಬ್ರವರಿ 5ರ ಕೇಂದ್ರದ ಪೂರ್ವ ಸಮಾಲೋಚನಾ ನೀತಿಯ ಪ್ರಕಾರ ಕರಡು ಮಸೂದೆಯನ್ನು, ಸರಳ ಭಾಷೆಯ ವಿವರಣೆಯೊಂದಿಗೆ, ಕನಿಷ್ಠ 30 ದಿನ ಜನರ ಮುಂದಿಡಬೇಕು. ಅದು ನೀತಿ, ಕಾನೂನಲ್ಲ. ಪಾಲಿಸದ ಸಚಿವಾಲಯವನ್ನು ಅದರ ಮೇಲೆ ಕಟ್ಟಿಹಾಕಲಾಗದು. ಮಸೂದೆ ಸಂಸತ್ತಿನ ಸ್ಥಾಯಿ ಸಮಿತಿಗೋ ಜಂಟಿ ಸಮಿತಿಗೋ ಹೋದರೆ ಜಾಹೀರಾತು ಬರುತ್ತದೆ, ಹೆಚ್ಚಾಗಿ 15 ದಿನದ ಅವಕಾಶ. ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಎರಡು ಪ್ರತಿ. ಸಮಿತಿಯ ಮುಂದೆ ಹಾಜರಾಗಿ ಹೇಳುವ ಇಚ್ಛೆಯಿದ್ದರೆ ಅದನ್ನೂ ಅದೇ ಪತ್ರದಲ್ಲಿ ತಿಳಿಸಬೇಕು. ಕಳಿಸಿದ ಮನವಿ ಸಮಿತಿಯ ಗೋಪ್ಯ ದಾಖಲೆಯಾಗುತ್ತದೆ. ಅದನ್ನೇ ಫೇಸ್‌ಬುಕ್ಕಿಗೆ ಹಾಕುವುದು ತಪ್ಪು. ಹಾಗಾಗಿ ಊರಿನ ಹಾಳೆ ಬೇರೆ, ಸಮಿತಿಯ ಮನವಿ ಬೇರೆ.

ಮನವಿಯ ಆಕಾರ: ಖಂಡ ಸಂಖ್ಯೆ, ಈಗಿರುವ ಪದ, ಬೇಕಾದ ಪದ, ಕಾರಣ ಮೂರು ಸಾಲು. ‘ಮಸೂದೆಯನ್ನು ವಿರೋಧಿಸುತ್ತೇವೆ’ ಎಂಬ 200 ಸಹಿಯ ಪತ್ರಕ್ಕಿಂತ ‘3ನೇ ಉಪಖಂಡದಲ್ಲಿ ಇಂಥ ಪದದ ಮುಂದೆ ಇಂಥ ಪದ ಸೇರಿಸಿ’ ಎಂಬ ಒಂದು ಪುಟವನ್ನು ವರದಿ ಬರೆಯುವವರು ಬಳಸಿಕೊಳ್ಳಬಲ್ಲರು. ಬಳಸಿಯೇ ತೀರುತ್ತಾರೆ ಎಂದಲ್ಲ: 2023ರ ಅರಣ್ಯ ಮಸೂದೆಯನ್ನು ಜಂಟಿ ಸಮಿತಿ ಒಂದು ಪದವನ್ನೂ ಬದಲಿಸದೆ ವಾಪಸು ಕಳಿಸಿತು, ಭಿನ್ನಮತದ ಟಿಪ್ಪಣಿಗಳನ್ನು ಹಿಂದೆ ಲಗತ್ತಿಸಿ. ಆದರೂ ವರದಿಯಲ್ಲಿ ಯಾರು ಏನು ಕೇಳಿದರು, ಸಚಿವಾಲಯ ಏನು ಉತ್ತರ ಕೊಟ್ಟಿತು ಎಂಬುದು ದಾಖಲಾಗುತ್ತದೆ. ಮುಂದೆ ಕೋರ್ಟಿಗೆ ಹೋದವರಿಗೆ ಆ ಉತ್ತರ ಬೇಕಾಗುತ್ತದೆ.

ಈಮೇಲ್ ಕಳಿಸಿ, ಸ್ಪೀಡ್ ಪೋಸ್ಟಿನಲ್ಲೂ ಹಾಕಿ. ಮಳೆಗಾಲದಲ್ಲಿ ಕೊನೆಯ ದಿನವನ್ನು ನಾಲ್ಕು ದಿನ ಹಿಂದಕ್ಕೆ ಎಳೆದುಕೊಳ್ಳಿ. ಆಗುಂಬೆಯ ಕಡೆ ಮರ ಬಿದ್ದರೆ ಅಂಚೆಯೂ ನೆಟ್‌ವರ್ಕೂ ಒಟ್ಟಿಗೆ ನಿಲ್ಲುತ್ತವೆ. ಪ್ರತಿಯೊಂದನ್ನು ಸಂಸದರಿಗೂ ಕೊಡಿ, ಯಾರೆಂದು ನೋಡಿಕೊಂಡು: ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಘಟ್ಟದ ಕೆಳಗಿನ ಬೈಂದೂರು ಸೇರಿದೆ, ಶೃಂಗೇರಿ, ಮೂಡಿಗೆರೆ ಕಡೆಯವರದ್ದು ಉಡುಪಿ–ಚಿಕ್ಕಮಗಳೂರು ಕ್ಷೇತ್ರ.

ಲೋಕಸಭೆ ವಿಸರ್ಜನೆಯಾದರೆ ಅದರ ಮುಂದಿರುವ ಮಸೂದೆ ಬಿದ್ದುಹೋಗುತ್ತದೆ. ರಾಜ್ಯಸಭೆಯಲ್ಲಿ ಮಂಡನೆಯಾಗಿ ಇನ್ನೂ ಲೋಕಸಭೆಗೆ ಬಾರದ್ದು ಉಳಿಯುತ್ತದೆ. ಬಿದ್ದುಹೋದರೆ ಬೋರ್ಡಿನ ಹಾಳೆಯ ಮೇಲೆ ಅಡ್ಡಗೆರೆ ಎಳೆದು ದಿನಾಂಕ ಹಾಕಿ. ಕಾಯ್ದೆಯಾದರೆ ಹಳೆಯದನ್ನು ಕಿತ್ತು ಕಡತಕ್ಕೆ ಹಾಕಿ, ಅಂತಿಮ ಪ್ರತಿಯೊಂದಿಗೆ ಸಾಲು ಸಾಲಾಗಿ ಹೋಲಿಸಿ ಹೊಸದನ್ನು ಅಂಟಿಸಿ. ‘ನಿಯಮ ಬಂದ ಮೇಲೆ ಗೊತ್ತಾಗುತ್ತದೆ’ ಎಂದು ಬರೆದಿದ್ದಿರಲ್ಲ, ಆ ಸಾಲುಗಳ ಎದುರು ಖಾಲಿ ಜಾಗ ಬಿಡಿ. ಗೆಜೆಟ್‌ನಲ್ಲಿ ನಿಯಮ ಬಂದ ದಿನ ಪೆನ್ನಿನಲ್ಲಿ ತುಂಬಲಿಕ್ಕೆ.